ಮಕ್ಕಳ ಹಿಂದೆ ನಿಂತ ಟೀಚರ್

ಆ ಶಾಲೆಯಲ್ಲಿ ಯಾವ ಕ್ಲಾಸಿನ ಮಗು ಅತ್ತರೂ ತಂದು ಒಂದನೇ ಕ್ಲಾಸಿನ ಬಾಗಿಲಲ್ಲಿ ಬಿಡುವುದು ರೂಢಿಯಾಗಿತ್ತು. ಅಲ್ಲಿ ಮಣೆಯಮ್ಮ ಇದ್ದಳು. ಆಳು ಗಿಡ್ಡ. ಬೋರ್ಡಿನ ಮೇಲಿನ ಸಾಲು ಬರೆಯಬೇಕಾದರೆ ಮರದ ಮಣೆ ಹತ್ತಬೇಕು. ಅದಕ್ಕೇ ಮಕ್ಕಳು ಆ ಹೆಸರಿಟ್ಟರು, ದೊಡ್ಡವರೂ ಅದನ್ನೇ ಹಿಡಿದರು, ಕಡೆಗೆ ಆಕೆಯೇ ಆ ಹೆಸರಿಗೆ ಓಗೊಡತೊಡಗಿದಳು. ಅಳುವ ಮಗು ಬಾಗಿಲಲ್ಲಿ ನಿಂತು ಆಕೆಯ ಮುಖ ನೋಡುತ್ತಿತ್ತು. ಅದರ ಹುಬ್ಬು ಗಂಟಾಗಿದ್ದರೆ ಮಣೆಯಮ್ಮನ ಹುಬ್ಬೂ ಗಂಟಾಗುವುದು. ಅದು ತುಟಿ ಚಾಚಿದರೆ ಆಕೆಯ ತುಟಿಯೂ ಚಾಚುವುದು. ಹಾಗೆ ನೋಡುತ್ತ ನೋಡುತ್ತ ಆಕೆ ಮೆಲ್ಲಗೆ ನಕ್ಕರೆ ಮಗುವಿಗೂ ನಗದೆ ಬೇರೆ ದಾರಿ ಇರುತ್ತಿರಲಿಲ್ಲ.

ಶಾಲೆ ಸರ್ಕಾರದ್ದಲ್ಲ, ಸಾಹುಕಾರರದ್ದೂ ಅಲ್ಲ. ಬಸ್ ಡಿಪೋದ ಹಿಂದಿನ ಬೀದಿಗಳ ಜನ ತಾವೇ ಕಟ್ಟಿಕೊಂಡದ್ದು. ದೊಡ್ಡ ಶಾಲೆ ಹೆದ್ದಾರಿಯ ಆಚೆ ಇತ್ತು. ಚಿಕ್ಕ ಮಕ್ಕಳು ಲಾರಿಗಳ ನಡುವೆ ದಾಟಿ ಹೋಗಬೇಕು. ಅದು ಬೇಡವೆಂದು ಬಡಗಿ ಬೆಂಚು ಮಾಡಿಕೊಟ್ಟ, ಡ್ರೈವರುಗಳು ಇಟ್ಟಿಗೆ ತಂದು ಹಾಕಿದರು, ಮಣೆಯಮ್ಮನ ಗಂಡ ಗಾರೆ ಕೆಲಸದವನು, ಗೋಡೆ ಎಬ್ಬಿಸಿದ. ಸೂರು ಹಾಕುವ ಹೊತ್ತಿಗೆ ಅವನು ಜ್ವರದಲ್ಲಿ ಹೋಗಿಬಿಟ್ಟ. ಆಕೆ ಏಳನೇ ಕ್ಲಾಸಿನವರೆಗೆ ಓದಿದ್ದಳು, ಮಕ್ಕಳಿರಲಿಲ್ಲ. "ಯಾರಾದರೂ ಟೀಚರ್ ಸಿಗೋವರೆಗೆ ಚಿಕ್ಕವರನ್ನ ಸುಮ್ಮನೆ ಕೂರಿಸಿಕೊಂಡಿರಮ್ಮ" ಎಂದರು ಕಮಿಟಿಯವರು. ಯಾರೂ ಸಿಗಲಿಲ್ಲ. ಆಮೇಲೆ ಸಿಕ್ಕವರಿಗೆ ಮಕ್ಕಳು ಆಕೆಯನ್ನು ಬಿಟ್ಟುಕೊಡಲಿಲ್ಲ. ಅಂದು ಕಪ್ಪಗಿದ್ದ ತಲೆ ಅದೇ ಕೋಣೆಯಲ್ಲಿ ಬೆಳ್ಳಗಾಯಿತು.

ಆಕೆಯ ಕ್ಲಾಸಿನಲ್ಲಿ ಏಟು ಎಂಬುದಿರಲಿಲ್ಲ. ಗದರುವುದೂ ಇಲ್ಲ. ಆದರೂ ಮಕ್ಕಳು ಓದುತ್ತಿದ್ದರು. ಯಾರನ್ನು ಎಬ್ಬಿಸಿ ನಿಲ್ಲಿಸಿದರೂ ಪುಸ್ತಕ ಬಿಚ್ಚಿ ಹಿಡಿದು, ಕತ್ತೆತ್ತಿ, ಗಟ್ಟಿ ದನಿಯಲ್ಲಿ ಓದಿ ಕೂರುತ್ತಿದ್ದರು. ಬೀದಿಯಲ್ಲಿ ಹೋಗುವವರು ಕಿಟಕಿಯ ಬಳಿ ನಿಂತು ಕೇಳುತ್ತಿದ್ದರು. ಕಮಿಟಿಯವರು ಹೊರಗಿನ ಅತಿಥಿಗಳನ್ನು ಮೊದಲು ಕರೆತರುತ್ತಿದ್ದದ್ದೇ ಒಂದನೇ ಕ್ಲಾಸಿಗೆ.

ಆ ಓದುವವರಲ್ಲಿ ಎಲ್ಲರಿಗಿಂತ ಜೋರಿನವಳು ಆಕೆಯ ತಂಗಿಯ ಮಗಳೇ. ಬಾಯಿ ತೆರೆದರೆ ಪಟಪಟ ಮಾತು, ಹಾಗಾಗಿ ಮನೆಯಲ್ಲಿ ಅವಳು ಪಟಾಕಿ. ತಂಗಿಗೆ ಇದ್ದವಳು ಅವಳೊಬ್ಬಳೇ, ಎರಡು ಮನೆಗೂ ಅವಳೊಬ್ಬಳೇ. ತಂಗಿಯ ಗಂಡನದು ಡಿಪೋ ಮೂಲೆಯಲ್ಲಿ ಇಸ್ತ್ರಿ ಅಂಗಡಿ. ಬಟ್ಟೆ ಕೊಡಲು ಬಂದವರನ್ನೆಲ್ಲ ನಿಲ್ಲಿಸಿಕೊಂಡು ಅವನು ಹೇಳುತ್ತಿದ್ದ, "ನಮ್ಮ ಪಟಾಕಿ ಓದೋದು ಕೇಳಿದ್ದೀರಾ? ನನ್ನ ಇಸ್ತ್ರಿಪೆಟ್ಟಿಗೇನೂ ಅಷ್ಟು ನೀಟಾಗಿ ಓಡಲ್ಲ!"

ಅದು ಹಳೆಯ ಮಾತಾಯಿತು. ಎರಡನೇ ಕ್ಲಾಸಿನಲ್ಲಿ ಎಲ್ಲರೂ ಒಟ್ಟಿಗೆ ರಾಗ ಎಳೆದು ಓದುವ ಪದ್ಧತಿ. ಅಲ್ಲಿ ಒಂದು ದನಿ ಇದೆಯೋ ಇಲ್ಲವೋ ಯಾರಿಗೂ ತಿಳಿಯದು. ಮೂರನೆಯದರಲ್ಲಿ ಒಬ್ಬೊಬ್ಬರೇ ಎದ್ದು ಓದಬೇಕು. ಅಲ್ಲಿ ಪಟಾಕಿ ಎದ್ದು ನಿಂತಳು, ಪುಸ್ತಕ ಹಿಡಿದಳು, ಬಾಯಿ ಬಿಡಲಿಲ್ಲ. ವರ್ಷ ಪೂರ್ತಿ ಹಾಗೇ ನಿಂತಳು. ಅದೇ ಕ್ಲಾಸಿನಲ್ಲಿ ಉಳಿದುಕೊಂಡು ಈಗ ಮತ್ತೆ ನಿಲ್ಲುತ್ತಿದ್ದಳು.

"ಈ ಸಲವೂ ಹೀಗೇ ಆದರೆ ಪರೀಕ್ಷೆ ಮುಗಿದ ಮಾರನೇ ದಿನ ಅಂಗಡಿಗೆ ಹಾಕ್ತೀನಿ," ಎಂದ ಅಪ್ಪ ಒಂದು ರಾತ್ರಿ ಊಟಕ್ಕೆ ಕೂತಾಗ, ಮಣೆಯಮ್ಮನ ಎದುರಿಗೇ. "ಬಟ್ಟೆ ಮಡಚೋದಕ್ಕೆ ಓದು ಬೇಡ. ಪಟಾಕಿಯಂತೆ ಪಟಾಕಿ! ನೀರು ಬಿದ್ದಿದೆ ಅದಕ್ಕೆ."

ಪಟಾಕಿ ಅಲ್ಲೇ ಕೂತು ತಟ್ಟೆಯಲ್ಲಿದ್ದದ್ದನ್ನು ಬೆರಳಿನಿಂದ ಸುಮ್ಮನೆ ಒಟ್ಟು ಮಾಡುತ್ತಿದ್ದಳು. ತಂಗಿ ಅಕ್ಕನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಅಕ್ಕಾ, ನಿನ್ನ ಕೈಯಲ್ಲಿದ್ದಾಗ ಅರಳು ಹುರಿದ ಹಾಗೆ ಓದ್ತಿದ್ದಳಲ್ಲೇ. ಅವಳಿಗೆ ಏನಾಯ್ತೇ?"

"ಅವಳಿಗೇನೂ ಆಗಿಲ್ಲ," ಎಂದಳು ಮಣೆಯಮ್ಮ. "ಆ ಗಂಟುಮೋರೆ ಹೆದರಿಸಿಟ್ಟಿದ್ದಾಳೆ. ನಾನು ಬಿಡ್ತೀನಾ ಅಂಗಡಿಗೆ ಹಾಕೋಕೆ? ನೋಡ್ತಿರು."

ಗಂಟುಮೋರೆ ಎಂದರೆ ಮೂರನೇ ಕ್ಲಾಸಿನ ಮೇಡಂ. ಎತ್ತರದ ಹೆಂಗಸು, ಓದಿಕೊಂಡವರು, ನಗುವುದೆಂದರೆ ಸಾಲ ಕೊಟ್ಟಷ್ಟು ಕಷ್ಟ. ಮರುದಿನ ನೀರಿನ ಡ್ರಮ್ಮಿನ ಬಳಿ ಇಬ್ಬರೂ ಎದುರಾದರು.

"ನೋಡಿ ಮೇಡಂ, ಮಗುವಿನ ಹತ್ತಿರ ಸ್ವಲ್ಪ ಮುಖ ಸಡಿಲ ಮಾಡಿದರೆ ನಿಮ್ಮ ಗಂಟೇನೂ ಹೋಗಲ್ಲ. ಅವಳು ನಿಮ್ಮನ್ನ ಕಂಡರೆ ನಡುಗ್ತಾಳೆ."

"ನಾನು ಅವಳಿಗೆ ಒಂದು ಮಾತೂ ಅಂದಿಲ್ಲ ಮಣೆಯಮ್ಮ ಟೀಚರ್. ಕಾಯ್ತೀನಿ ಅಷ್ಟೇ. ಅವಳು ಪುಸ್ತಕ ಬಿಟ್ಟು ನನ್ನ ಮುಖಾನೇ ನೋಡ್ತಾಳೆ."

"ನೋಡೋ ಹಾಗಿದೆಯಾ ಅದು?"

ಡ್ರಮ್ಮಿನ ಸುತ್ತ ಇದ್ದ ಮಕ್ಕಳು ಕಿಸಕ್ಕನೆ ನಕ್ಕರು. ಮೇಡಂ ಲೋಟ ಅಲ್ಲೇ ಕವುಚಿಟ್ಟು ಹೋದರು. ಮಣೆಯಮ್ಮನಿಗೆ ಅಂದು ಗೆದ್ದಂತೆ ಅನಿಸಿತು.

ಆ ವರ್ಷವೇ ಹಳೆಯ ಹೆಡ್ ಮಾಸ್ಟರು ಕಾಲುನೋವೆಂದು ಬಿಟ್ಟುಹೋದರು. ಒಳ್ಳೆಯ ಮನುಷ್ಯ. ಸೋರುವ ಸೂರು, ಗಂಟೆ, ಬೀಗ, ಇಷ್ಟನ್ನು ಚೆನ್ನಾಗಿ ನೋಡಿಕೊಂಡಿದ್ದರು. ಕ್ಲಾಸಿನ ಒಳಗೆ ಹೋಗುವುದು ಟೀಚರಿಗೆ ಅವಮಾನ ಮಾಡಿದಂತೆ ಎಂದು ನಂಬಿದ್ದರು. ಅವರ ಜಾಗಕ್ಕೆ ಬಂದ ಹೊಸ ಹೆಡ್ ಮೇಡಂ ತೆಳ್ಳಗಿನವರು, ರಬ್ಬರ್ ಚಪ್ಪಲಿ, ನಡೆದರೆ ಸದ್ದಿಲ್ಲ. ಬಂದ ವಾರವೇ ಆಫೀಸು ಕೋಣೆಗೆ ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿ, ದಿನಕ್ಕೊಂದು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಮಕ್ಕಳ ಜೊತೆ ಮಂಡಿ ಮಡಚಿ ಕೂತರು. ಎರಡನೇ ಕ್ಲಾಸಿನ ಮಾಸ್ತರು ಅವರಿಗೆ ಸಿಐಡಿ ಎಂದು ಹೆಸರಿಟ್ಟರು. ಹೆಡ್ ಮೇಡಂ ಏನೂ ಬರೆದುಕೊಳ್ಳುತ್ತಿರಲಿಲ್ಲ, ಏನೂ ಅನ್ನುತ್ತಿರಲಿಲ್ಲ. ಕ್ಲಾಸು ಮುಗಿದ ಮೇಲೆ ಒಂದೇ ಪ್ರಶ್ನೆ, "ಇವತ್ತು ಯಾವ ಮಗುವಿಗೆ ಏನು ಹೊಸದಾಗಿ ಬಂತು?" ನಾನು ಇಂಥ ಪಾಠ ಮಾಡಿದೆ ಎಂದು ಯಾರಾದರೂ ಹೇಳಿದರೆ, "ಅದು ನೀವು ಮಾಡಿದ್ದು. ಮಗುವಿಗೆ ಏನು ಬಂತು?" ಎಂದು ಮತ್ತೆ ಅದನ್ನೇ ಕೇಳುವರು.

ಶನಿವಾರ ಮಕ್ಕಳು ಹೋದ ಮೇಲೆ ಟೀಚರುಗಳೆಲ್ಲ ಟೀ ಹಿಡಿದು ಐದನೇ ಕ್ಲಾಸಿನ ಕೋಣೆಯಲ್ಲಿ ಕೂರಬೇಕು. ಆ ವಾರ ಒಬ್ಬರು ಇನ್ನೊಬ್ಬರ ಕ್ಲಾಸಿಗೆ ಹೋಗಿ ಕಂಡದ್ದನ್ನು ಹೇಳಬೇಕು. ಟೀಚರ ಬಗ್ಗೆ ಮಾತಾಡುವಂತಿಲ್ಲ, ಮಕ್ಕಳ ಬಗ್ಗೆ ಮಾತ್ರ. ಮೊದಮೊದಲು ಬರೀ ಟೀ ಹೀರುವ ಸದ್ದೇ ಕೇಳಿಸುತ್ತಿತ್ತು.

ಮಣೆಯಮ್ಮನಿಗೆ ಇದರಲ್ಲಿ ದಾರಿಯೊಂದು ಕಂಡಿತು. ಹೆಡ್ ಮೇಡಮ್ಮನ್ನು ಜಗಲಿಯಲ್ಲಿ ತಡೆದು ಹೇಳಿದಳು, "ಮೇಡಂ, ನೀವು ಮೂರನೇ ಕ್ಲಾಸಿಗೆ ಹೋಗಿ ಕೂತುಕೊಳ್ಳಿ. ಅಲ್ಲಿ ನಮ್ಮ ಹುಡುಗಿಯ ನಾಲಿಗೆ ಕಟ್ಟಿಹಾಕಿದ್ದಾರೆ. ಪರೀಕ್ಷೆಯೊಳಗೆ ಬಿಚ್ಚದಿದ್ದರೆ ಅವಳ ಅಪ್ಪ ಶಾಲೆ ಬಿಡಿಸ್ತಾನೆ."

ಅವರು ಹೋಗಿ ಕೂತರು. ಎರಡು ಮೂರು ಸಲ ಹೋದರು. ಆಮೇಲೆ ಬಂದು ಹೇಳಿದರು, "ಅವಳು ಒಂದನೇ ಕ್ಲಾಸಿನಲ್ಲಿ ತುಂಬ ಚೆನ್ನಾಗಿ ಓದ್ತಿದ್ದಳು ಅಂದಿರಲ್ಲ. ಹೇಗೆ ಓದ್ತಿದ್ದಳು ಅಂತ ನೋಡಬೇಕು. ನಿಮ್ಮ ಕ್ಲಾಸಿಗೆ ಬರಲಾ?"

"ಬನ್ನಿ ಮೇಡಂ, ಅದಕ್ಕೇನು!" ಮಣೆಯಮ್ಮ ಅಂದು ಸೀರೆ ಕೂಡ ಒಗೆದು ಇಸ್ತ್ರಿ ಮಾಡಿದ್ದನ್ನೇ ಉಟ್ಟು ಬಂದಳು.

ಮಕ್ಕಳು ಎದ್ದರು, ಓದಿದರು, ಕೂತರು. ಹೆಡ್ ಮೇಡಂ ಹಿಂದಿನ ಬೆಂಚಿನಿಂದ ಕೇಳಿದರು. ಮರುದಿನ ಮತ್ತೆ ಬಂದವರು ಹಿಂದೆ ಹೋಗಲಿಲ್ಲ, ಬೋರ್ಡಿನ ಕೆಳಗೆ ನೆಲದ ಮೇಲೆ ಮಕ್ಕಳ ಕಡೆ ಮುಖ ಮಾಡಿ ಕೂತರು. ಅಂದು ಒಂದು ಮಗು 'ಮಳೆ' ಎಂದಿರುವ ಕಡೆ 'ಬಳೆ' ಎಂದು ಓದಿತು. ಇನ್ನೊಂದು 'ಪಾಲು' ಇರುವಲ್ಲಿ 'ಮಾಲು' ಎಂದಿತು. ಮಣೆಯಮ್ಮ ಎಂದಿನಂತೆ ನಕ್ಕು ತಿದ್ದಿದಳು. ಹೆಡ್ ಮೇಡಂ ಮಾತ್ರ ಆ ಮಕ್ಕಳ ಕಣ್ಣನ್ನೇ ನೋಡುತ್ತಿದ್ದರು.

ಕ್ಲಾಸು ಬಿಟ್ಟ ಮೇಲೆ ಅವರು ತಮ್ಮ ಮಾಮೂಲು ಪ್ರಶ್ನೆ ಕೇಳಲಿಲ್ಲ. "ಪುಸ್ತಕ ನೋಡಿ ತಪ್ಪುವ ಮಗು ಮ ಕಂಡು ವ ಅನ್ನುತ್ತೆ. ಎರಡೂ ನೋಡೋದಕ್ಕೆ ಹತ್ತಿರ ಹತ್ತಿರ," ಎಂದರು ಮೆಲ್ಲಗೆ. "ಇವರು ಮ ಇದ್ದಲ್ಲಿ ಬ ಅಂತಾರೆ. ಕಾಗದದ ಮೇಲೆ ಅವು ಒಂದೇ ಥರ ಇಲ್ಲ. ನಾಳೆ ಒಂದು ಕೆಲಸ ಮಾಡ್ತೀರಾ? ಮಕ್ಕಳು ಓದುವಾಗ ನೀವು ಅವರ ಹಿಂದೆ ಹೋಗಿ ನಿಂತುಕೊಳ್ಳಿ."

"ಹಿಂದೆ ಯಾಕೆ ಮೇಡಂ? ಮಕ್ಕಳಿಗೆ ನಾನು ಕಾಣಬೇಡವಾ?"

"ಒಂದು ದಿನ ಮಾತ್ರ."

ಮರುದಿನ ಮಣೆಯಮ್ಮ ಕೊನೆಯ ಬೆಂಚಿನ ಹಿಂದೆ, ಗೋಡೆಗೆ ಬೆನ್ನು ತಾಗಿಸಿ ನಿಂತಳು. ಮುಂದಿನ ಸಾಲಿನ ಹುಡುಗಿಯನ್ನು ಎಬ್ಬಿಸಿದಳು. ಹುಡುಗಿ ಪುಸ್ತಕ ಹಿಡಿದು ಕತ್ತೆತ್ತಿದಳು. ಎದುರಿಗೆ ಬರೀ ಬೋರ್ಡು. ಸುಮ್ಮನಾದಳು. "ಓದು ಚಿನ್ನ" ಎಂದಳು ಮಣೆಯಮ್ಮ. ಹುಡುಗಿ ಹಿಂದಕ್ಕೆ ತಿರುಗಿದಳು. "ಮುಂದೆ ನೋಡ್ಕೊಂಡು ಓದು." ಹುಡುಗಿ ಮುಂದೆ ತಿರುಗಿದಳು, ಮತ್ತೆ ಸುಮ್ಮನಾದಳು. ಪಕ್ಕದವನನ್ನು ಎಬ್ಬಿಸಿದರೆ ಅವನೂ ಹಾಗೇ. ಮೂರನೆಯವಳು ಎದ್ದವಳೇ ಅಳುವ ದನಿಯಲ್ಲಿ ಹೇಳಿದಳು, "ಟೀಚರ್, ಈ ಕಡೆ ಬನ್ನಿ. ಕಾಣಿಸ್ತಿಲ್ಲ."

"ಏನು ಕಾಣಿಸ್ತಿಲ್ಲ ಪುಟ್ಟಾ? ಪುಸ್ತಕ ಕೈಯಲ್ಲೇ ಇದೆಯಲ್ಲ."

"ನಿಮ್ಮ ಬಾಯಿ."

ಬಾಗಿಲ ಬಳಿ ಕೂತಿದ್ದ ಹೆಡ್ ಮೇಡಂ ಎದ್ದು ಬಂದು ಆ ಮಗುವಿನ ತಲೆ ಸವರಿ ಕೂರಿಸಿದರು. ಎಲ್ಲರನ್ನೂ ಹೊರಗೆ ಆಡಲು ಬಿಟ್ಟರು.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮಣೆಯಮ್ಮ ಮನೆಗೆ ಹೋದಳು. ಗೋಡೆಗೆ ನೇತುಹಾಕಿದ್ದ, ಬೊಟ್ಟು ಇಟ್ಟುಕೊಳ್ಳುವಷ್ಟೇ ಅಗಲದ ಕನ್ನಡಿ. ಒಂದನೇ ಕ್ಲಾಸಿನ ಪುಸ್ತಕ ತೆಗೆದು, ಎದುರಿಗೆ ಒಂದು ಮಗು ನಿಂತು ತಡವರಿಸುತ್ತಿದೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಕನ್ನಡಿಯಲ್ಲಿ ಆಕೆಯ ತುಟಿ ತಾನಾಗಿಯೇ ಮುಚ್ಚಿತು, ತೆರೆಯಿತು, ದುಂಡಗಾಯಿತು, ಅಗಲವಾಯಿತು. ದನಿ ಇಲ್ಲ, ಅಷ್ಟೇ. ಅಕ್ಷರ ಅಕ್ಷರವೂ ಅಲ್ಲಿತ್ತು; ಮ, ಬ, ಪ ಮಾತ್ರ ಮೂರೂ ತುಟಿಯ ಮೇಲೆ ಒಂದೇ. ಮಗುವಿಗೆ ತುತ್ತು ಕೊಡುವಾಗ ಕೊಡುವವರ ಬಾಯಿಯೂ ತೆರೆಯುತ್ತದಲ್ಲ, ಹಾಗೆ. ಆಕೆ ಕೈಯಿಂದ ಬಾಯಿ ಒತ್ತಿ ಹಿಡಿದಳು. ಕೈಯ ಕೆಳಗೂ ತುಟಿ ಅಲ್ಲಾಡಿತು.

ಆಮೇಲೆ ಎಲ್ಲ ಒಂದರ ಹಿಂದೆ ಒಂದು ಬಂದವು. ಒಂದನೇ ಕ್ಲಾಸಿನಲ್ಲಿ ಜಾಣರಾಗಿದ್ದು ಮುಂದೆ ಹೋಗಿ ಮಂಕಾದ ಮಕ್ಕಳು. ಗ್ಯಾರೇಜಿನಲ್ಲಿ ಗ್ರೀಸು ಬಳಿಯುತ್ತಿದ್ದವನು, ದಾರಿಯಲ್ಲಿ ಕಂಡಾಗಲೆಲ್ಲ ಕಾಲಿಗೆ ಬೀಳುವವನು. ನನ್ನ ಕೈ ಬಿಟ್ಟ ಮೇಲೆ ಕೆಟ್ಟರು ಎಂದು ಆಕೆ ಅವರ ಬಗ್ಗೆ ಹೇಳುತ್ತಿದ್ದಳು. ಕಡೆಗೆ ಪಟಾಕಿ. ಮೂರನೇ ಕ್ಲಾಸಿನಲ್ಲಿ ಎದ್ದು ನಿಂತು ಎದುರಿನ ಮುಖದಲ್ಲಿ ಹುಡುಕುತ್ತಿದ್ದ ಪಟಾಕಿ. ಅಲ್ಲಿ ತುಟಿ ಅಲ್ಲಾಡುತ್ತಿರಲಿಲ್ಲ. ಅವಳು ಹೆದರಿರಲಿಲ್ಲ, ಕಾಯುತ್ತಿದ್ದಳು.

ಅಂದು ಆಕೆ ಊಟ ಮಾಡದೆ ಶಾಲೆಗೆ ವಾಪಸು ಬಂದಳು.

ಹೆಡ್ ಮೇಡಂ ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವರು ಬೈಯಲಿಲ್ಲ. "ಇಷ್ಟು ವರ್ಷ ಎಷ್ಟು ಜನ ನಿಮ್ಮ ಕ್ಲಾಸು ಕೇಳಿದ್ದಾರೆ," ಎಂದರು, "ಎಲ್ಲರೂ ಕಿಟಕಿಯಲ್ಲಿ ನಿಂತು ಹೊಗಳಿ ಹೋದರು. ಒಳಗೆ ಬಂದು ಒಬ್ಬರೂ ಕೂರಲಿಲ್ಲ. ನಿಮ್ಮ ಬೆನ್ನು ನಿಮಗೆ ಹೇಗೆ ಕಾಣಬೇಕು?"

"ಮೇಡಂ, ನನ್ನನ್ನ ಮತ್ತೆ ಮಕ್ಕಳನ್ನ ಸುಮ್ಮನೆ ಕೂರಿಸೋ ಆಯಾ ಕೆಲಸಕ್ಕೇ ಹಾಕಿ."

"ಆಗ ಈ ಮಕ್ಕಳಿಗೆ ಯಾರು ಕಲಿಸ್ತಾರೆ? ನಾನು ಜೊತೆಗೆ ನಿಲ್ತೀನಿ. ಬೆಳಿಗ್ಗೆ ನಾನು ಪಾಠ ಮಾಡ್ತೀನಿ, ನೀವು ನೋಡಿ. ಆಮೇಲೆ ನೀವು ಮಾಡಿ, ನಾನು ನೋಡ್ತೀನಿ."

ಶನಿವಾರ ಮಣೆಯಮ್ಮ ಕೈಯಲ್ಲಿ ಟೀ ಲೋಟ ಹಿಡಿದು, ಕುಡಿಯದೆ, ಎಲ್ಲರೆದುರು ಇದನ್ನು ಇದ್ದ ಹಾಗೆ ಹೇಳಿದಳು. ಎರಡನೇ ಕ್ಲಾಸಿನ ಮಾಸ್ತರು ಕತ್ತು ಬಗ್ಗಿಸಿ ತಮ್ಮ ಚಪ್ಪಲಿಯ ಉಂಗುಷ್ಟ ನೋಡಿದರು. ಮೂರನೇ ಕ್ಲಾಸಿನ ಮೇಡಂ ಏನಾದರೂ ಅನ್ನಲಿ ಎಂದು ಆಕೆ ಕಾದಳು. ಡ್ರಮ್ಮಿನ ಬಳಿಯ ಮಾತಿಗೆ ಬಡ್ಡಿ ಸಮೇತ ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಹೊತ್ತಿರಲಿಲ್ಲ. ಅವರು ಎದ್ದು ಬಂದು ಆಕೆಯ ತಣ್ಣಗಾದ ಟೀ ಚೆಲ್ಲಿ ಬೇರೆ ಬಗ್ಗಿಸಿಕೊಟ್ಟರು. "ಅವಳು ನನ್ನ ಮುಖ ನೋಡ್ತಾಳೆ ಅಂತ ನನಗೂ ಕಾಣ್ತಿತ್ತು," ಎಂದರು. "ಯಾಕೆ ಅಂತ ಕೇಳಲಿಲ್ಲ. ಹಟ ಅಂದುಕೊಂಡೆ. ಎರಡು ವರ್ಷ."

ಒಂದನೇ ಕ್ಲಾಸು ಮತ್ತೆ ಮೊದಲಿನಿಂದ ಶುರುವಾಯಿತು. ಹೆಡ್ ಮೇಡಂ ಹಳೆಯ ಪುಸ್ತಕ ಮುಚ್ಚಿಟ್ಟು, ಮಕ್ಕಳು ಎಂದೂ ಕಾಣದ ಮಾತುಗಳನ್ನು ರಟ್ಟಿನ ಚೂರುಗಳ ಮೇಲೆ ಬರೆದರು. ಮಗು ರಟ್ಟನ್ನು ನೆಲದ ಮೇಲಿಟ್ಟು ಅದರ ಮೇಲೆ ಬಗ್ಗಬೇಕು. ಟೀಚರ್ ಹಿಂದಿರಬೇಕು. ಮಗು ತಡವರಿಸಿದರೆ ತಡವರಿಸಲಿ. ಅದನ್ನು ತಡೆದುಕೊಳ್ಳುವುದೇ ಮಣೆಯಮ್ಮನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಒಂದು ಮಗು ಒಂದು ಕೊಂಬಿನ ಮುಂದೆ ಸಿಕ್ಕಿಕೊಂಡು ಬೆರಳಿಟ್ಟು ಒದ್ದಾಡುತ್ತಿರುವಾಗ ಆಕೆ ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿ ನಿಲ್ಲುತ್ತಿದ್ದಳು. ಸಂಜೆ ಹೊತ್ತಿಗೆ ಸೆರಗು ಒದ್ದೆ.

ಮಕ್ಕಳಿಗೂ ಕಷ್ಟವೇ. ಎಷ್ಟೋ ಮಕ್ಕಳು ಅತ್ತರು. ಕಿಟಕಿಯಲ್ಲಿ ನಿಂತ ತಾಯಂದಿರು, "ಮಣೆಯಮ್ಮನಿಗೆ ವಯಸ್ಸಾಯ್ತು, ಮೊದಲಿನ ಕೈ ಇಲ್ಲ" ಎಂದು ಮಾತಾಡಿಕೊಂಡರು. ಕಮಿಟಿಯ ಬಡಗಿ ಬಂದು ಕೇಳಿದ, "ಏನಮ್ಮಾ, ಮೊದಲು ಜೇನು ಸುರಿದ ಹಾಗೆ ಓದ್ತಿದ್ದವು, ಈಗ ಕಲ್ಲು ಒಡೀತಿವೆ?" "ಈಗ ಓದ್ತಿವೆ ಅಣ್ಣ," ಎಂದಳು ಆಕೆ. ಅವನಿಗೆ ಅದು ಅರ್ಥವಾದಂತೆ ಕಾಣಲಿಲ್ಲ.

ಪಟಾಕಿಯನ್ನು ಸಂಜೆ ಶಾಲೆ ಬಿಟ್ಟ ಮೇಲೆ ಅದೇ ಕೋಣೆಗೆ ಕರೆದುಕೊಂಡಳು. ಪರೀಕ್ಷೆ ಹತ್ತಿರವಿತ್ತು. ಹುಡುಗಿ ಉದ್ದವಾಗಿದ್ದಳು. ಚಿಕ್ಕವರ ಬೆಂಚಿನಲ್ಲಿ ಕೂತರೆ ಮಂಡಿ ಎದೆಗೆ ಬರುತ್ತಿತ್ತು. ಮೊದಲ ದಿನ ಮಣೆಯಮ್ಮ ಅವಳ ಹಿಂದೆ ನಿಂತಳು. ಪಟಾಕಿ ಕತ್ತು ತಿರುಗಿಸಿದಳು.

"ಮುಂದೆ ಬಾ ದೊಡ್ಡಮ್ಮ. ನೀನು ಮುಂದಿದ್ದರೆ ಓದ್ತೀನಿ."

"ನಾನು ಮುಂದಿದ್ದರೆ ನೀನು ಓದಲ್ಲ ಮಗಳೇ. ನನ್ನ ಬಾಯಿ ನೋಡಿ ಹೇಳ್ತೀಯ. ಅದು ನಿನ್ನ ತಪ್ಪಲ್ಲ. ನಾನೇ ಹಾಗೆ ಅಭ್ಯಾಸ ಮಾಡಿಸಿಬಿಟ್ಟೆ."

ಪಟಾಕಿ ರಟ್ಟಿನ ಚೂರನ್ನು ತಿರುವಿ ಮುರುವಿ ನೋಡಿದಳು. "ಹಾಗಾದರೆ ನನಗೆ ಯಾವತ್ತೂ ಓದೋಕೆ ಬರ್ತಾನೇ ಇರಲಿಲ್ವಾ?"

ಓದುತ್ತಿದ್ದೆ ಎಂಬುದೊಂದೇ ಆ ಹುಡುಗಿಗೆ ಉಳಿದಿದ್ದ ಹೆಮ್ಮೆ. ಅದನ್ನೂ ತಾನೇ ಕಿತ್ತುಕೊಂಡೆ ಎಂದು ಮಣೆಯಮ್ಮನಿಗೆ ಆಗ ಹೊಳೆಯಿತು.

ಆದರೂ ಇಬ್ಬರೂ ಬಿಡಲಿಲ್ಲ. ಮೂರನೇ ಕ್ಲಾಸಿನ ಮೇಡಂ ಕೆಲವು ಸಂಜೆ ತಾವೇ ಬಂದು ಪಟಾಕಿಯ ಪಕ್ಕ ಕೂರುತ್ತಿದ್ದರು, ಎದುರಿಗಲ್ಲ. ಅಕ್ಷರಗಳು ಒಂದೊಂದಾಗಿ ಬಂದವು. ಒತ್ತಕ್ಷರ ಬಂದರೆ ಪಟಾಕಿ ನಿಂತುಬಿಡುವಳು. ಒಂದು ಸಂಜೆ ಅವಳು ಯಾರೂ ಹೇಳಿಕೊಡದೆ 'ನಕ್ಷತ್ರ' ಎಂದು ಓದಿದಳು. ಮೂರು ಸಲ ಎಡವಿ, ನಾಲ್ಕನೆಯ ಸಲಕ್ಕೆ ಇಡಿಯಾಗಿ. ಮೇಡಂ ನಕ್ಕರು. ಮಣೆಯಮ್ಮ ಅವರ ನಗು ನೋಡಿದ್ದು ಅದೇ ಮೊದಲು, ಮುಂದಿನ ಎರಡು ಹಲ್ಲಿನ ನಡುವೆ ಸಂದಿತ್ತು. ಅದಕ್ಕೇ ನಗುತ್ತಿರಲಿಲ್ಲವೋ ಏನೋ.

ಆದರೆ ಮೂರು ಕ್ಲಾಸಿನ ಕೆಲಸ ಕೆಲವು ವಾರಕ್ಕೆ ಹಿಡಿಸುವಂಥದ್ದಲ್ಲ. ಪರೀಕ್ಷೆಯಲ್ಲಿ ಪಟಾಕಿ ಎದ್ದು ನಿಂತಳು. ಈ ಸಲ ಯಾರ ಮುಖವನ್ನೂ ನೋಡಲಿಲ್ಲ. ಪುಸ್ತಕದ ಮೇಲೆ ಬೆರಳಿಟ್ಟು ಒಂದೊಂದೇ ಮಾತು ಓದಿದಳು. ಎರಡು ಸಾಲು ಮುಗಿಯುವ ಹೊತ್ತಿಗೆ ಗಂಟೆ ಹೊಡೆಯಿತು. ಬರೆಯುವ ಪರೀಕ್ಷೆಯಲ್ಲಿ ಪ್ರಶ್ನೆಗಳನ್ನು ಓದಿಕೊಳ್ಳುವಷ್ಟರಲ್ಲೇ ಹೊತ್ತು ಮುಗಿದಿತ್ತು. ಪಾಸಾಗಲಿಲ್ಲ.

ಹೆಡ್ ಮೇಡಂ, ಮೂರನೇ ಕ್ಲಾಸಿನ ಮೇಡಂ, ಮಣೆಯಮ್ಮ, ಮೂವರೂ ಇಸ್ತ್ರಿ ಅಂಗಡಿಗೆ ಹೋದರು. ತಂಗಿಯ ಗಂಡ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಮೂವರಿಗೂ ಸ್ಟೂಲು ಹುಡುಕಿ, ಎರಡೇ ಸಿಕ್ಕಿದ್ದಕ್ಕೆ ತಾನೇ ನಾಚಿಕೊಂಡ. ಹೆಡ್ ಮೇಡಂ ಎಲ್ಲವನ್ನೂ ಬಿಡಿಸಿ ಹೇಳಿದರು. ಹುಡುಗಿ ದಡ್ಡಿ ಅಲ್ಲ, ಕಲಿಸಿದ್ದರಲ್ಲಿ ತಪ್ಪಾಯಿತು, ಈಗ ದಾರಿಗೆ ಬಂದಿದ್ದಾಳೆ, ಇನ್ನೊಂದು ವರ್ಷ ಕೊಡಿ.

ಅವನು ಪೂರ್ತಿ ಕೇಳಿಸಿಕೊಂಡ. ಕೂಗಾಡಲಿಲ್ಲ. "ಮೇಡಂ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದ. "ನೀವು ಮೇಡಮ್ಮುಗಳು ಕಲಿಸೋದನ್ನ ಕಲಿತುಕೊಳ್ಳೋಕೆ ನನ್ನ ಮಗಳ ವರ್ಷಗಳೇ ಬೇಕಾ?"

ಅವನು ಮಣೆಯಮ್ಮನ ಕಡೆ ತಿರುಗಿದ. "ಅಕ್ಕ, ನಾನು ಅವಳನ್ನ ನೀರು ಬಿದ್ದ ಪಟಾಕಿ ಅಂದೆ. ದಿನಾ ಅಂದೆ. ನಿಮಗೆ ಗೊತ್ತಿರಲಿಲ್ಲ, ಸರಿ. ನನಗೂ ಗೊತ್ತಿರಲಿಲ್ಲ. ಆದರೆ ಅಂದಿದ್ದು ನಾನು ತಾನೇ?" ಮೇಲಿನ ಹಲಗೆಯಲ್ಲಿದ್ದ ಬಟ್ಟೆಯ ಗಂಟನ್ನು ಸುಮ್ಮನೆ ಇಳಿಸಿ, ಮತ್ತೆ ಅಲ್ಲೇ ಇಟ್ಟ. "ಅವಳನ್ನೇ ಕೇಳಿ. ಅವಳು ಬರ್ತೀನಿ ಅಂದರೆ ನಾನು ತಡೆಯಲ್ಲ."

ಪಟಾಕಿ ಒಳಗಡೆ ದಿಂಬಿನ ಚೀಲಗಳನ್ನು ಮಡಚಿ ಜೋಡಿಸುತ್ತಿದ್ದಳು. ಮಣೆಯಮ್ಮ ಒಬ್ಬಳೇ ಒಳಗೆ ಹೋದಳು.

"ಬಾರೇ ಮಗಳೇ. ಈಗ ಬರ್ತಿದೆಯಲ್ಲ ನಿನಗೆ."

"ಬರ್ತಿದೆ," ಎಂದಳು ಪಟಾಕಿ. ಮಡಚುವುದನ್ನು ನಿಲ್ಲಿಸಲಿಲ್ಲ. "ಆದರೆ ಸುಸ್ತಾಗುತ್ತೆ ದೊಡ್ಡಮ್ಮ. ಮತ್ತೆ ಮೂರನೇ ಕ್ಲಾಸು. ಎಲ್ಲರೂ ನನಗಿಂತ ಚಿಕ್ಕವರು. ನಾನು ಎದ್ದು ನಿಂತರೆ ಇಡೀ ಕ್ಲಾಸು ಕಾಯುತ್ತೆ, ಇವಳು ಯಾವಾಗ ಮುಗಿಸ್ತಾಳೆ ಅಂತ. ಇಲ್ಲಿ ಯಾರೂ ನನಗೋಸ್ಕರ ಕಾಯಲ್ಲ."

"ಸಂಜೆ ನಾನೇ ಇಲ್ಲಿಗೆ ಬರಲಾ? ಸ್ವಲ್ಪ ಹೊತ್ತು?"

"ಬೇಡ," ಎಂದಳು ಪಟಾಕಿ. ಸಿಟ್ಟಿನಿಂದಲ್ಲ. ಬೆಂಕಿಯ ಹತ್ತಿರ ಹೋಗುವ ಚಿಕ್ಕ ಮಗುವಿಗೆ ಹೇಳುವಂತೆ ಹೇಳಿದಳು.

ಅಷ್ಟು ದಿನ ಅಕ್ಕನ ಮನೆಗೂ ತನ್ನ ಮನೆಗೂ ದಿನಕ್ಕೆರಡು ಸಲ ಓಡಾಡುತ್ತಿದ್ದ ತಂಗಿ ಆಮೇಲೆ ಬರುವುದು ಕಡಿಮೆ ಮಾಡಿದಳು. ಒಮ್ಮೆ ನಲ್ಲಿಯ ಬಳಿ ಸಿಕ್ಕಾಗ, "ನಿನ್ನನ್ನ ಬೈಯೋಣ ಅಂದರೂ ಬಾಯಿ ಬರಲ್ಲ ಅಕ್ಕ. ಬೈಯದೇ ಇರೋಕೂ ಆಗ್ತಿಲ್ಲ," ಎಂದಳು. ಬಿಂದಿಗೆ ತುಂಬಿ ಹೊರಚೆಲ್ಲುವವರೆಗೂ ಇಬ್ಬರೂ ಅದನ್ನೇ ನೋಡುತ್ತ ನಿಂತಿದ್ದರು.

ಹೊಸ ವರ್ಷ ಹೊಸ ಮಕ್ಕಳು ಬಂದರು. ಇವರಿಗೆ ಹಳೆಯದರ ಅಭ್ಯಾಸ ಇರಲಿಲ್ಲ. ಮೊದಲ ದಿನದಿಂದಲೇ ನೆಲದ ಮೇಲೆ ಬಗ್ಗಿ, ಬೆರಳಿಟ್ಟು, ತಮ್ಮಷ್ಟಕ್ಕೆ ತಾವು ಗುನುಗುತ್ತ ಓದಿದರು. ಹೆಡ್ ಮೇಡಂ ದಿನಾ ಬರಬೇಕಾದ ಅಗತ್ಯ ಉಳಿಯಲಿಲ್ಲ, ವಾರಕ್ಕೊಮ್ಮೆ ಇಣುಕಿ ಹೋಗುತ್ತಿದ್ದರು. ಶನಿವಾರದ ಸಭೆಯಲ್ಲಿ ಈಗ ಟೀ ಆರುವವರೆಗೂ ಮಾತು. ಎರಡನೇ ಕ್ಲಾಸಿನ ಮಾಸ್ತರು ರಾಗ ಎಳೆಸುವುದನ್ನು ಬಿಟ್ಟಿದ್ದರು. ಬೇರೆ ಬೀದಿಯ ಶಾಲೆಯವರು ಬಂದು ನೋಡಿಕೊಂಡು ಹೋದರು. ಕಿಟಕಿಯಲ್ಲಿ ನಿಲ್ಲುವುದಕ್ಕೆ ಬಿಡಲಿಲ್ಲ, ಒಳಗೆ ಕರೆದು ಕೂರಿಸಿದರು.

ಒಳ್ಳೆಯದೇ ಆಯಿತೆಂದು ಮಣೆಯಮ್ಮನಿಗೆ ಗೊತ್ತಿತ್ತು. ಆದರೆ ಇಡೀ ದಿನ ಮಕ್ಕಳ ತಲೆಯ ಸುಳಿಗಳನ್ನೇ ನೋಡುತ್ತ ನಿಂತು ಮನೆಗೆ ಬಂದಾಗ, ಅಂದು ತನ್ನ ಮುಖವನ್ನು ಯಾರಾದರೂ ನೋಡಿದರೋ ಇಲ್ಲವೋ ಎಂದು ನೆನಪಿಸಿಕೊಳ್ಳಬೇಕಾಗುತ್ತಿತ್ತು.

ಮಧ್ಯಾವಧಿಯ ಹೊತ್ತಿಗೆ ಒಂದು ಶನಿವಾರ, ಸಭೆ ಮುಗಿಸಿ, ಆಕೆ ಒಂದು ಸೀರೆ ಹಿಡಿದುಕೊಂಡು ಇಸ್ತ್ರಿ ಅಂಗಡಿಗೆ ಹೋದಳು. ತಂಗಿಯ ಗಂಡ ಬಟ್ಟೆ ಕೊಡಲು ಹೋಗಿದ್ದ. ಹಲಗೆಯ ಹಿಂದೆ ಪಟಾಕಿ ಒಬ್ಬಳೇ ನಿಂತಿದ್ದಳು. ಇಸ್ತ್ರಿಪೆಟ್ಟಿಗೆ ಎತ್ತುವಾಗ ಭುಜ ಒಂದು ಕಡೆಗೆ ಏರುತ್ತಿತ್ತು, ಅವಳ ಅಪ್ಪನಿಗೆ ಏರುವ ಹಾಗೆಯೇ.

"ಯಾವಾಗ ಬೇಕು ದೊಡ್ಡಮ್ಮ?"

"ನಿಧಾನಕ್ಕೆ ಕೊಡು. ಅವಸರ ಏನಿಲ್ಲ."

"ನಾಳೆ ಬೆಳಿಗ್ಗೆ ಬೇಗ ಬಾ. ಆಮೇಲೆ ಡ್ರೈವರುಗಳದ್ದು ರಶ್ ಆಗುತ್ತೆ."

ಮಣೆಯಮ್ಮ ಹೊರಡಲಿಲ್ಲ. ಹಲಗೆಯ ಅಂಚು ಹಿಡಿದು ನಿಂತಳು. "ಈ ವರ್ಷ ಚಿಕ್ಕವರು ಓದ್ತಾರೆ ಕಣೇ," ಎಂದಳು. "ನಿಜವಾಗಿ ಓದ್ತಾರೆ. ಕಾಣದೇ ಇರೋ ಪುಸ್ತಕ ಕೊಟ್ಟರೂ ಓದ್ತಾರೆ."

"ಎಲ್ಲರೂನಾ?"

"ಎಲ್ಲರೂ."

ಪಟಾಕಿ ಕೈಯಲ್ಲಿ ನೀರು ತೆಗೆದು ಮುಂದಿದ್ದ ಅಂಗಿಯ ಮೇಲೆ ಚಿಮುಕಿಸಿದಳು. ಕಾಲರನ್ನು ಅಂಗೈಯಿಂದ ನೇವರಿಸಿ ಚಪ್ಪಟೆ ಮಾಡಿದಳು. "ಒಳ್ಳೇದಾಯ್ತು ಬಿಡು," ಎಂದಳು. ಇಸ್ತ್ರಿಪೆಟ್ಟಿಗೆ ಇಟ್ಟಳು. ಸುಯ್ ಎಂದು ಹಬೆ ಎದ್ದಿತು. ಅದು ಕರಗಿದಾಗಲೂ ಅವಳು ಕತ್ತೆತ್ತಿರಲಿಲ್ಲ. ತೋಳನ್ನು ಎಳೆದು ಮಡಿಕೆ ಹುಡುಕುತ್ತಿದ್ದಳು.

ಬೆನ್ನ ಹಿಂದೆ ಯಾರೋ ಗಂಟು ಹಿಡಿದು ಬಂದು ನಿಂತರು. ಮಣೆಯಮ್ಮ ಪಕ್ಕಕ್ಕೆ ಸರಿದು ಅವರಿಗೆ ಜಾಗ ಬಿಟ್ಟಳು.